ಟ್ಯಾಂಕಿನ ಉಸಿರು

ಬಿಳಿಕೆರೆ ಹತ್ತಿರವಾದಂತೆ ಕಾರು ಮತ್ತೆ ಮಂಕಾಯಿತು. ಪದ್ಮಶ್ರೀ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಮಾತು ಮರೆತವರಂತೆ ತಡವರಿಸಿ, ಒಮ್ಮೆ ಜಗ್ಗಿ, ಸೊರಗಿತು. ಬೆಳಗಿನ ಮಂಜಿನಲ್ಲಿ ರಸ್ತೆಬದಿಯ ಮರಗಳು ನಿಂತಲ್ಲೇ ತೇಲುತ್ತಿದ್ದವು. ಅವುಗಳ ನಡುವೆ ಕಾರೂ ನಿದ್ದೆಗೆ ಜಾರಿದಂತೆ ನಿಂತಿತು.

ಪಕ್ಕದಲ್ಲಿ ಕೂತು ಬಂದಿದ್ದ ಹುಣಸೂರಿನ ಮೆಕ್ಯಾನಿಕ್ ಶಿವನಂಜಪ್ಪ ಇಳಿದು ಬಾನೆಟ್ ಎತ್ತಿದ.

"ಪ್ಲಗ್ ಒಸ್ದು, ಫಿಲ್ಟರ್ ಒಸ್ದು, ಕಾರ್ಬುರೇಟರ್ ಬಿಚ್ಚಿ ತೊಳ್ದಿವ್ನಿ ಕಣಕ್ಕಾ. ಇನ್ನು ದೃಷ್ಟಿ ತೆಗೆಯೋದೊಂದೇ ಬಾಕಿ."

"ಅದನ್ನೂ ಅಮ್ಮ ತೆಗೆದಾಯ್ತು."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಚೊಚ್ಚಲ ಹೆರಿಗೆಗೆಂದು ಪಿರಿಯಾಪಟ್ಟಣದ ತವರಿಗೆ ಬಂದಿದ್ದ ತಂಗಿ ಸೌಂದರ್ಯಳಿಗೆ ದಿನ ತುಂಬಿತ್ತು. ನೋವು ಬಂದರೆ ಮೈಸೂರಿನ ಆಸ್ಪತ್ರೆಗೆ ಅಕ್ಕನೇ ಕರೆದೊಯ್ಯಬೇಕು ಎಂದು ಅವಳ ಹಟ. ಪದ್ಮಶ್ರೀ ಹೂಂ ಎಂದಿದ್ದಳು. ಆಮೇಲೆ ಕಾರಿಗೆ ಈ ಕಾಯಿಲೆ ಹಿಡಿದಿತ್ತು.

ಅವಳು ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದಳು. ಕಾರು ಕೈಕೊಟ್ಟ ಜಾಗ, ಹೊತ್ತು ಎಲ್ಲವನ್ನೂ ಬರೆದಿದ್ದಳು. ಪಿರಿಯಾಪಟ್ಟಣದಿಂದ ಹೊರಟರೆ ಹುಣಸೂರು ಸೇರುವ ಮೊದಲು. ಹುಣಸೂರಿನಿಂದ ಹೊರಟರೆ ಬಿಳಿಕೆರೆ ಹತ್ತಿರ. ಹತ್ತು ನಿಮಿಷ ನಿಂತರೆ ತಾನಾಗಿ ಸರಿ. ಇನ್ನೊಂದು ಸಾಲಿನ ಮೇಲೆ ಬೆರಳು ನಿಂತಿತು.

"ಶಿವನಂಜಪ್ಪಾ, ಬಂಕಲ್ಲಿ ಪೆಟ್ರೋಲ್ ಹಾಕಿಸಿದ ತಕ್ಷಣ ಇದು ಒಂದು ಸಲವೂ ನಿಂತಿಲ್ಲ."

ಅವನ ನಗು ಆರಿತು. ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಬಹಳ ಹೊತ್ತು ಬಿಗಿಹಿಡಿದವರು ಉಸಿರೆಳೆದುಕೊಂಡ ಹಾಗೆ ಟ್ಯಾಂಕು ಸುಯ್ಯೆಂದಿತು.

"ಅಯ್ಯೋ ಶಿವನೇ! ಗಾಳಿ ಆಡೋ ತೂತಿಗೇ ಮೇಣ ಮೆತ್ತವ್ರೆ. ಮ್ಯಾಲೆ ಟ್ಯೂಬಿನ ರಬ್ಬರ್ ಬ್ಯಾರೆ! ಪೆಟ್ರೋಲ್ ಖರ್ಚಾದಂಗೆ ಒಳಿಕ್ಕೆ ಗಾಳಿ ಓಗ್ಬೇಕು. ಇಲ್ದಿದ್ರೆ ಟ್ಯಾಂಕು ಪೆಟ್ರೋಲ್ ಬುಡಾಕಿಲ್ಲ. ಯಾರಕ್ಕಾ ಈ ಪುಣ್ಯಾತ್ಮ?"

ಸೈಕಲ್ ಟ್ಯೂಬಿನಿಂದ ಅಷ್ಟು ದುಂಡಗೆ ಕತ್ತರಿಸುವ ಕೈ ಒಂದೇ. ಹೋದ ತಿಂಗಳು ಸೌಂದರ್ಯ ಪೆಟ್ರೋಲ್ ವಾಸನೆಗೆ ವಾಂತಿ ಮಾಡಿಕೊಂಡಾಗ ಅಪ್ಪ ಬಸವರಾಜು ವಾಸನೆ ಎಲ್ಲಿಂದ ಸೋರುತ್ತಿದೆಯೆಂದು ಕಾರನ್ನು ಸುತ್ತುಹಾಕಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನಿಂದ ಕಾವು ಸೋರದಂತೆ ಮೂವತ್ತು ವರ್ಷ ಬಿರುಕು ಮೆತ್ತಿದವರು ಅವರು.

ಮನೆಗೆ ಬಂದು ಅವಳು ಆ ರಬ್ಬರನ್ನು ಅವರ ಅಂಗೈಗಿಟ್ಟಳು.

"ಇದಕ್ಕೂ ಉಸಿರಾಡಬೇಕಂತೆ, ಅಪ್ಪಾ."

ಅವರು ಅದನ್ನು ಬೆರಳಲ್ಲಿ ತಿರುಗಿಸಿದರು. "ಬ್ಯಾರನ್ನಿಗೂ ಕಿಂಡಿ ಬುಡ್ತೀವಿ ಕಣವ್ವಾ. ಮರ್ತೇಬುಟ್ಟೆ," ಎಂದು ಹಿತ್ತಲಿನ ನಿಂಬೆಗಿಡದ ಕಡೆ ನಡೆದರು.

ಮೂರನೆಯ ದಿನ ನಸುಕಿನಲ್ಲಿ ನೋವು ಬಂತು. ಕಿಟಕಿಗಳೆಲ್ಲ ತೆರೆದಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮನ ತೋಳಿಗೊರಗಿ, ಅಪ್ಪ ಕೊಟ್ಟ ನಿಂಬೆಹಣ್ಣನ್ನು ಮೂಗಿಗೊತ್ತಿಕೊಂಡು ಸೌಂದರ್ಯ ಕಣ್ಣು ಮುಚ್ಚಿದ್ದಳು. ಹುಣಸೂರು ದಾಟಿತು. ಪದ್ಮಶ್ರೀ ಉಸಿರು ಬಿಗಿಹಿಡಿದು ಎಂಜಿನ್ನಿಗೆ ಕಿವಿಗೊಟ್ಟಳು. ಮಂಜಿನಲ್ಲಿ ಮರಗಳು ಹಿಂದಕ್ಕೆ ಹಿಂದಕ್ಕೆ ತೇಲಿಹೋದವು.

"ಅಕ್ಕಾ, ಬಿಳಿಕೆರೆ ಬಂತಾ?"

"ಆಗಲೇ ಹೋಯ್ತು ಕಣೇ."