ಲೆಕ್ಕದ ಮೇಡಂ ಅವರ ಕಿವಿ ಪರೀಕ್ಷೆ

ರಜೆ ಶುರುವಾಗಿ ಮೂರು ದಿನ ಕಳೆದಿರಲಿಲ್ಲ, ಲೆಕ್ಕದ ಮೇಡಂ ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದ್ದರು. ಅಡುಗೆಮನೆಗೆ ಹೋಗಿ ನಲ್ಲಿ ನಿಲ್ಲಿಸಿದ್ದೇನೆಯೇ ಎಂದು ನೋಡುವುದು, ಹೊರಗೆ ಬಂದು ಗೇಟಿನ ಚಿಲಕ ಮುಟ್ಟುವುದು, ಒಳಗೆ ಬಂದು ಕುರ್ಚಿಯಲ್ಲಿ ಕೂರುವುದು, ಕೂತ ಮೇಲೆ ಏಳುವುದು. ಎರಡೂ ಕಿವಿಯ ಹಿಂದಿನ ಮಿಷನ್‌ಗಳನ್ನು ಗಂಟೆಗೊಮ್ಮೆ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅವುಗಳಲ್ಲಿ ಒರೆಸುವಂಥ ಕೊಳೆಯೇನೂ ಇರಲಿಲ್ಲ.

ರಜೆಯ ಮುಂಚಿನ ದಿನ ಹೆಡ್‌ಮಿಸ್ ಬಾಗಿಲು ಹಾಕಿಕೊಂಡು ಮಾತಾಡಿದ್ದರು. "ನೀವು ನನಗಿಂತ ದೊಡ್ಡವರು, ಹೇಳೋಕೆ ಸಂಕೋಚ ಆಗುತ್ತೆ. ಆದ್ರೆ ಹಿಂದಿನ ಬೆಂಚಿನ ಮಕ್ಕಳು ಏನು ಕೇಳಿದ್ರೂ ನೀವು 'ಸರಿ, ಕೂತ್ಕೋ' ಅಂತೀರಂತೆ. ಮೊನ್ನೆ ಒಬ್ಬಳು ಹೊಟ್ಟೆನೋವು, ಮನೆಗೆ ಹೋಗ್ತೀನಿ ಅಂದ್ಳಂತೆ. ಅವಳಿಗೂ 'ಸರಿ, ಕೂತ್ಕೋ' ಅಂದ್ರಂತೆ. ರಜೆ ಮುಗಿಯೋದ್ರೊಳಗೆ ಕಿವಿಗೆ ಏನಾದ್ರೂ ದಾರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಸ್ಕೂಲ್ ತೆರೆಯೋ ಸೋಮವಾರದಿಂದ ಲೈಬ್ರರಿ ನೋಡ್ಕೊಳ್ಳಿ."

ಆ ಶಾಲೆಯ ಲೈಬ್ರರಿ ಎಂದರೆ ಮೂರು ಬೀರು, ಒಂದು ಮೇಜು. ಒಂದು ಬೀರುವಿನ ಬೀಗದ ಕೈ ಕಳೆದು ಎಷ್ಟೋ ವರ್ಷಗಳಾಗಿದ್ದವು. ಮೂವತ್ತೊಂದು ವರ್ಷ ಬೋರ್ಡಿನ ಮುಂದೆ ನಿಂತ ಮೇಡಂ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗ ಆ ಮೇಜಿನ ಹಿಂದೆ ಕೂತು ನೊಣ ಹೊಡೆಯಬೇಕಿತ್ತು. ತರಗತಿ ಕೈತಪ್ಪಿದರೆ ತಾನು ಏನೂ ಅಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಿಷನ್ ಬದಲಾಯಿಸಬೇಕು, ಅದು ಸರಿ. ಆದರೆ ಮಿಷನ್ ಒಂದನ್ನೇ ಬದಲಾಯಿಸುವುದೋ, ಮಿಷನ್ ಕೊಟ್ಟವನನ್ನೂ ಬದಲಾಯಿಸುವುದೋ? ಮೇಡಂ ಅವರನ್ನು ಕೂರಗೊಡದೆ ಕಾಡುತ್ತಿದ್ದದ್ದು ಇದೇ ಪ್ರಶ್ನೆ. ಏಕೆಂದರೆ ಆರು ವರ್ಷಗಳಿಂದ ಅವರ ಕಿವಿ ನೋಡುತ್ತಿದ್ದವನು ಗುಬ್ಬಚ್ಚಿ.

ಗುಬ್ಬಚ್ಚಿ ಅವರ ಹಳೇ ವಿದ್ಯಾರ್ಥಿ. ಏಳನೇ ತರಗತಿಯಲ್ಲಿ ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಂದಿತ್ತು. ಈಗ ಅವನಿಗೆ ನಲವತ್ತು, ತಲೆ ಬೋಳು, ಹೊಟ್ಟೆ ಮುಂದೆ, ಬಾಗಿಲ ಮೇಲೆ 'ಶ್ರವಣ ತಜ್ಞ' ಎಂಬ ಬೋರ್ಡು. ಆದರೂ ಮೇಡಂ ಒಳಗೆ ಬಂದರೆ ಸಾಕು, ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಅವರು ಕೂರು ಎನ್ನುವವರೆಗೆ ಕೂರುತ್ತಿರಲಿಲ್ಲ. ಇಂಥ ಹುಡುಗನನ್ನು ಬಿಟ್ಟು ಬೇರೆಯವರ ಬಾಗಿಲಿಗೆ ಹೋಗುವುದು ಹೇಗೆ?

"ಹಿತ್ತಲ ಗಿಡ ಮದ್ದಲ್ಲ ಅಂತಾರೆ," ಎಂದರು ಯಜಮಾನರು, ಪೇಪರ್ ಕೆಳಗಿಳಿಸದೆ. ಆಮೇಲೆ ಹೆಂಡತಿಗೆ ಕೇಳಿಸಿಲ್ಲ ಎಂದು ನೆನಪಾಗಿ ಪೇಪರ್ ಇಳಿಸಿ, ಮುಖ ತೋರಿಸಿ, ಮತ್ತೊಮ್ಮೆ ಹೇಳಿದರು. "ದೊಡ್ಡ ರಸ್ತೇಲಿ ಹೊಸ ಸೆಂಟರ್ ಬಂದಿದೆಯಲ್ಲ, ಒಂದ್ಸಲ ಅಲ್ಲಿ ತೋರಿಸ್ಕೊಂಡು ಬಾ."

"ಅವನಿಗೆ ಗೊತ್ತಾದ್ರೆ ಏನಂದ್ಕೋತಾನೆ ರೀ?"

"ಏನೂ ಅಂದ್ಕೊಳ್ಳಲ್ಲ. ನೀನು ಬೇರೆ ಅಂಗಡಿಗೆ ಹೋಗ್ತಿದ್ದೀಯ, ಬೇರೆ ಮದುವೆ ಆಗೋಕಲ್ಲ."

ಬುಧವಾರ ಬೆಳಿಗ್ಗೆ ಮೇಡಂ ಹೊಸ ಸೆಂಟರಿಗೆ ಹೋದರು. ಗುಬ್ಬಚ್ಚಿ ಕೊಟ್ಟ ಹಳೇ ಗ್ರಾಫುಗಳ ಫೈಲನ್ನು ಚೀಲದ ತಳದಲ್ಲಿಟ್ಟುಕೊಂಡು, ಅವನ ಬೀದಿ ತಪ್ಪಿಸಲು ಎರಡು ಬೀದಿ ಸುತ್ತಿದರು. ಅಲ್ಲಿ ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನವಳು. ಮೇಡಂ ಅವರನ್ನು 'ಆಂಟಿ' ಎಂದು ಕರೆದಳು. ಮೂವತ್ತೊಂದು ವರ್ಷದ ಸರ್ವಿಸ್ಸಿನಲ್ಲಿ ಯಾರೂ ಕೊಡದಿದ್ದ ಬಿರುದನ್ನು ಮೇಡಂ ಹಲ್ಲು ಕಚ್ಚಿ ಸ್ವೀಕರಿಸಿದರು.

ಹೊರಗಿನ ಶಬ್ದ ನುಗ್ಗದ ಪುಟ್ಟ ಕೋಣೆ, ಒಳಗೆ ಒಂದು ಕುರ್ಚಿ. ಕೂರುವ ಮೊದಲು ಮೇಡಂ ಅಭ್ಯಾಸಬಲದಿಂದ ಕುರ್ಚಿಯನ್ನು ಗಾಜಿನ ಕಿಟಕಿಯ ಕಡೆಗೆ ತಿರುಗಿಸಲು ಹೋದರು. ಅದು ಅಲುಗಲಿಲ್ಲ.

"ಅದನ್ನ ನೆಲಕ್ಕೆ ಫಿಕ್ಸ್ ಮಾಡಿದ್ದೀವಿ ಆಂಟಿ. ಗೋಡೆ ಕಡೆ ನೋಡ್ಕೊಂಡು ಕೂತ್ಕೊಳ್ಳಿ. ಶಬ್ದ ಕೇಳಿಸಿದಾಗ ಮಾತ್ರ ಈ ಬಟನ್ ಒತ್ತಿ, ಎಷ್ಟು ಸಣ್ಣಗೆ ಕೇಳಿಸಿದ್ರೂ ಪರವಾಗಿಲ್ಲ."

ಬಾಗಿಲು ಮುಚ್ಚಿತು. ಮೇಡಂ ಬೂದು ಗೋಡೆ ನೋಡುತ್ತಾ ಕೂತರು. ಏನೂ ಬರಲಿಲ್ಲ. ಇನ್ನೂ ಏನೂ ಬರಲಿಲ್ಲ. ಮುಳ್ಳಿನ ಮೇಲೆ ಕೂತಂತಾಯಿತು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಿದ್ದು ತಾನೊಬ್ಬಳೇ ಖಾಲಿ ಹಾಳೆ ಇಟ್ಟುಕೊಂಡು ಕೂತಂಥ ಭಯವಾಯಿತು. ಇಷ್ಟು ಹೊತ್ತಿಗೆ ಒಂದು ಬಂದಿರಲೇಬೇಕು ಎಂದುಕೊಂಡು ಒತ್ತಿದರು. ಸ್ವಲ್ಪ ಬಿಟ್ಟು ಮತ್ತೆ ಒತ್ತಿದರು.

ಹೊರಗೆ ಬಂದಾಗ ಹುಡುಗಿ ಗ್ರಾಫ್ ತೋರಿಸಿದಳು. ಗೆರೆ ಮೆಟ್ಟಿಲಿಳಿದು ನೆಲಮಾಳಿಗೆಗೇ ಹೋಗಿತ್ತು. "ಶಬ್ದ ಇಲ್ಲದಾಗಲೂ ಹನ್ನೊಂದು ಸಲ ಒತ್ತಿದ್ದೀರಿ ಆಂಟಿ. ಅದನ್ನ ಬಿಟ್ಟು ನೋಡಿದ್ರೆ ಹಿಯರಿಂಗ್ ಲಾಸ್ ಜಾಸ್ತಿನೇ ಇದೆ." ಆಮೇಲೆ ಹಳೇ ಫೈಲು ತೆರೆದು ಅದರ ಗ್ರಾಫನ್ನು ಪಕ್ಕದಲ್ಲಿಟ್ಟಳು. ಅದರ ಗೆರೆ ಇನ್ನೂ ಮೊದಲ ಮಹಡಿಯಲ್ಲೇ ಇತ್ತು. "ಇದು ನಾಲ್ಕು ತಿಂಗಳ ಹಿಂದಿನದು. ಇಷ್ಟು ಬೇಗ ಇಷ್ಟೊಂದು ಇಳಿಯಲ್ಲ. ಇದನ್ನ ಮಾಡಿದವರಿಗೆ ಸರಿಯಾಗಿ ಟೆಸ್ಟ್ ಮಾಡೋಕೆ ಬಂದಿಲ್ಲ ಅನ್ಸುತ್ತೆ."

ಆ ಎರಡು ಗೆರೆಗಳನ್ನು ಜೊತೆಯಲ್ಲಿ ನೋಡಿದ ಕೂಡಲೇ ಮೇಡಂಗೆ ಉತ್ತರ ಹೊಳೆದುಬಿಟ್ಟಿತು.

ಗುಬ್ಬಚ್ಚಿಯ ಕ್ಲಿನಿಕ್ಕಿನಲ್ಲೂ ಕುರ್ಚಿ ಮೊದಲು ಗೋಡೆಯ ಕಡೆಗೇ ಇತ್ತು. "ವಿದ್ಯಾರ್ಥಿಗೆ ಬೆನ್ನು ಹಾಕಿ ಕೂರೋದು ನನ್ನಿಂದ ಆಗಲ್ಲಪ್ಪ," ಎಂದು ಮೇಡಂ ಮೊದಲ ದಿನವೇ ಅದನ್ನು ಗಾಜಿನ ಕಡೆಗೆ ತಿರುಗಿಸಿದ್ದರು. ಬೋರ್ಡಿನ ಮೇಲೆ ಬರೆಯುವಾಗಲೂ ಅರ್ಧ ಮುಖವನ್ನು ತರಗತಿಯ ಕಡೆಗಿಟ್ಟವರು ಅವರು. ಗುಬ್ಬಚ್ಚಿ ಶಬ್ದ ಹಾಕುವಾಗ ಗಾಜಿನಾಚೆ ಅವನ ಬಲ ಮೊಣಕೈ ಚೂರು ಮೇಲೇಳುತ್ತಿತ್ತು. ಮೇಡಂ ನೋಡಬೇಕೆಂದು ನೋಡಿದ್ದಲ್ಲ. ಆದರೆ ಪರೀಕ್ಷಾ ಕೊಠಡಿಗಳಲ್ಲಿ ಪಳಗಿದ ಹದ್ದಿನ ಕಣ್ಣು ಅದು, ಮೊಣಕೈ ಎದ್ದರೆ ಬಿಡುತ್ತದೆಯೇ? ಕಣ್ಣು ನೋಡಿತು, ಬೆರಳು ಒತ್ತಿತು. ಪ್ರತಿ ಸಲವೂ ಮೇಡಂ ಒಳ್ಳೇ ಅಂಕ ಪಡೆದು ಮನೆಗೆ ಬಂದರು. ಪ್ರತಿ ಸಲವೂ ಆ ಅಂಕಕ್ಕೆ ತಕ್ಕ ಹಾಗೆ ಮಿಷನ್ ಮೆತ್ತಗೆ ಮಾತಾಡಿತು, ಅವರು ಮಿಷನ್ನನ್ನು ಬೈದರು. ಕುಣಿಯಲಾರದವಳಿಗೆ ನೆಲ ಡೊಂಕಾಗಿತ್ತು.

ಮಕ್ಕಳ ಕಾಲುಚೀಲದೊಳಗಿನ ಚೀಟಿಯನ್ನೂ ಬಿಡದೆ ಹಿಡಿದವರು, ಟ್ರಸ್ಟಿಯ ಮಗನನ್ನೇ ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದವರು, ಆರು ವರ್ಷ ತಮ್ಮ ಕಿವಿಯ ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಈ ಹುಡುಗಿ ಗುಬ್ಬಚ್ಚಿಯ ಮೇಲೆ ತಪ್ಪು ಹೊರಿಸಿದಾಗ ತಾವು ಸುಮ್ಮನೆ ನಿಂತದ್ದು.

"ಶನಿವಾರದೊಳಗೆ ಹೇಳಿದ್ರೆ ಸೋಮವಾರ ಬೆಳಿಗ್ಗೆ ಹೊಸ ಮಿಷನ್ ಹಾಕಿ ಕಳಿಸ್ತೀವಿ ಆಂಟಿ," ಎಂದಳು ಹುಡುಗಿ.

ಗುರುವಾರ ಮೇಡಂ ಗುಬ್ಬಚ್ಚಿಯ ಬೀದಿಗೆ ಹೋಗಿ, ಔಷಧಿ ಅಂಗಡಿಯವರೆಗೆ ನಡೆದು, ಬೇಡದ ಮುಲಾಮು ಕೊಂಡು ವಾಪಸ್ ಬಂದರು. ಶುಕ್ರವಾರ ಇನ್ನೊಂದು ಮುಲಾಮು ಬಂತು. ಯಜಮಾನರು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು, "ಯಾರಿಗೆ ಏನಾಗಿದೆ?" ಎಂದು ಕೇಳಿದಾಗ ಮೇಡಂ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟರು. ಯಜಮಾನರು ಕೆಮ್ಮು ಬರುವವರೆಗೂ ನಕ್ಕರು. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು.

"ನೋಡು, ಹೊಸ ಸೆಂಟರಲ್ಲಿ ಸರಿಯಾದ ಗ್ರಾಫ್ ಬಂದಿದೆ. ಹೊಸ ಮಿಷನ್ ತಗೋ, ಸೋಮವಾರ ಕ್ಲಾಸಿಗೆ ಹೋಗು. ಗುಬ್ಬಚ್ಚಿಗೆ ಏನೂ ಹೇಳ್ಬೇಡ. ಯಾರಿಗೂ ಗೊತ್ತಾಗಲ್ಲ."

"ಕಾಪಿ ಹೊಡೆದು ಸಿಕ್ಕಿಬಿದ್ದೋರೆಲ್ಲ ಹಾಗೇ ಅಂದ್ಕೊಂಡಿರ್ತಾರೆ," ಎಂದರು ಮೇಡಂ, ಮತ್ತು ಗೇಟಿನ ಚಿಲಕ ನೋಡಲು ಎದ್ದು ಹೋದರು.

ಶನಿವಾರ ಹನ್ನೊಂದು ಗಂಟೆಗೆ ಅವರು ಗುಬ್ಬಚ್ಚಿಯ ಕ್ಲಿನಿಕ್ಕಿನಲ್ಲಿದ್ದರು. ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ತನ್ನ ಸರದಿಗೆ ಕಾಯುತ್ತಿದ್ದಳು. ಮೇಡಂ ಒಳಗೆ ಕಾಲಿಟ್ಟ ಕೂಡಲೇ ಗುಬ್ಬಚ್ಚಿ ಎದ್ದು ನಿಂತ.

"ಕೂರು. ಇವತ್ತು ಎದ್ದು ನಿಲ್ಲಬೇಕಾದವಳು ನಾನು," ಎಂದು ಮೇಡಂ ಹೊಸ ಗ್ರಾಫನ್ನು ಅವನ ಮುಂದಿಟ್ಟರು. ಹೊಸ ಸೆಂಟರಿಗೆ ಹೋಗಿದ್ದು, ಅಲುಗದ ಕುರ್ಚಿ, ಇಲ್ಲಿಯ ಗಾಜು, ಅವನ ಮೊಣಕೈ, ಒಂದನ್ನೂ ಬಿಡದೆ ಹೇಳಿದರು.

ಗುಬ್ಬಚ್ಚಿ ಗ್ರಾಫ್ ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತಾ, "ಗೊತ್ತಿತ್ತು ಮೇಡಂ," ಎಂದ.

"ಏನು ಗೊತ್ತಿತ್ತು?"

"ಮೊದಲನೇ ಸಲವೇ ಅನುಮಾನ ಬಂತು. ಶಬ್ದ ಹಾಕದೇ ಸುಮ್ನೆ ಕೈ ಎತ್ತಿದೆ. ನೀವು ಒತ್ತಿದ್ರಿ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಮತ್ತೆ ಆರು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?"

"ನಿಮಗೆ ಹ್ಯಾಗೆ ಹೇಳ್ಲಿ ಮೇಡಂ? ಬೇರೆ ಯಾರಾದ್ರೂ ಆಗಿದ್ರೆ ಕುರ್ಚಿ ತಿರುಗಿಸಿ ಕೂರಿಸ್ತಿದ್ದೆ. ನೀವು ಕಾಪಿ ಹೊಡೀತಿದ್ದೀರಿ ಅಂತ ನಿಮ್ಮ ಮುಖ ನೋಡ್ಕೊಂಡು ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ."

"ಹಾಗಾದ್ರೆ ಮಿಷನ್ ಸೆಟ್ ಮಾಡಿದ್ದು ಹ್ಯಾಗೆ?"

"ಅರ್ಧ ಗ್ರಾಫ್ ನೋಡಿ. ಇನ್ನರ್ಧ ಅಂದಾಜಿನ ಮೇಲೆ ಸ್ವಲ್ಪ ಜಾಸ್ತಿ ಇಟ್ಟು."

"ಅಂದಾಜು," ಎಂದರು ಮೇಡಂ. ಆ ಪದವನ್ನು ಅವರ ತರಗತಿಯಲ್ಲಿ ಬಳಸಿದವರು ಹೊರಗೆ ನಿಂತ ಉದಾಹರಣೆಗಳಿದ್ದವು. ಗುಬ್ಬಚ್ಚಿ ತಲೆ ಇನ್ನಷ್ಟು ತಗ್ಗಿಸಿದ.

ಅವರಿಗೆ ಸಿಟ್ಟು ಬಂತು. ತಮ್ಮ ಮೇಲೆ ಬಂದ ಸಿಟ್ಟು ಅವನ ಮೇಲೂ ಹರಿಯಿತು. "ನನ್ನ ಮರ್ಯಾದೆ ಕಾಪಾಡ್ದೆ ಅಂದ್ಕೊಂಡ್ಯಾ? ಹಿಂದಿನ ಬೆಂಚಿನ ಮಕ್ಕಳು ಆರು ವರ್ಷ ಕೈ ಎತ್ತಿ ಎತ್ತಿ ಸಾಕಾಗಿ ಸುಮ್ಮನಾದ್ರು ಕಣೋ. ಹೊಟ್ಟೆನೋವು ಅಂದ ಮಗೂನ ಕೂತ್ಕೋ ಅಂದೆ ನಾನು. ಆ ಸೆಂಟರಿನ ಹುಡುಗಿ ನನ್ನ ಆಂಟಿ ಅಂತಾಳೆ, ನನಗೆ ಮೈ ಉರಿಯುತ್ತೆ. ಆದ್ರೆ ಹನ್ನೊಂದು ಸಲ ಸುಳ್ಳು ಒತ್ತಿದ್ರಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ಳು."

"ಅಲ್ಲಿಗೇ ಹೋಗಿ ಮೇಡಂ," ಎಂದ ಗುಬ್ಬಚ್ಚಿ. ಅವನ ಕಣ್ಣು ತುಂಬಿತ್ತು. "ನಿಮಗೆ ಅದೇ ಒಳ್ಳೇದು. ಫೈಲ್ ಪೂರ್ತಿ ಕೊಡ್ತೀನಿ."

ಮೇಡಂ ಫೈಲು ತೆಗೆದುಕೊಂಡರು. ಬಾಗಿಲವರೆಗೆ ಹೋದರು. ಅವನು ಹೇಳಿದ್ದು ನಿಜವಾಗಿತ್ತು, ಅಲ್ಲಿಗೆ ಹೋಗುವುದೇ ಸುಲಭವಾಗಿತ್ತು. ಆದರೆ ಅಲ್ಲಿ ಗೋಡೆ ನೋಡುತ್ತಾ ಕೂತಾಗಲೂ ಬೆರಳು ಹನ್ನೊಂದು ಸಲ ಸುಳ್ಳು ಹೇಳಿತ್ತು. ಕುರ್ಚಿ ತಿರುಗಿಸಿದ್ದು ತಾವು, ಮೊಣಕೈ ನೋಡಿದ್ದು ತಾವು. ಇವನ ತಪ್ಪು ಒಂದೇ, ಏಳನೇ ತರಗತಿಯ ಭಯವನ್ನು ಇನ್ನೂ ಬಿಟ್ಟಿರಲಿಲ್ಲ. ಆ ಭಯ ಹುಟ್ಟಿಸಿದ್ದು ಯಾರು?

ಅವರು ಹಿಂದಿರುಗಿ ಬಂದು ಫೈಲನ್ನು ಮೇಜಿನ ಮೇಲಿಟ್ಟರು. ಗಾಜಿನ ಕೋಣೆಯೊಳಗೆ ಹೋಗಿ ಕುರ್ಚಿಯ ಎರಡೂ ಕೈ ಹಿಡಿದು ಗೋಡೆಯ ಕಡೆಗೆ ತಿರುಗಿಸಿದರು. ಭಾರವಾಗಿತ್ತು. ಗುಬ್ಬಚ್ಚಿ ಸಹಾಯಕ್ಕೆ ಬಂದಾಗ ಬೇಡ ಎಂದು ಕೈಸನ್ನೆ ಮಾಡಿದರು.

"ಈಗ ಟೆಸ್ಟ್ ಮಾಡು. ನಾನು ಸುಳ್ಳು ಒತ್ತಿದ್ರೆ ಆಗಿಂದಾಗ ಬಂದು ಹೇಳ್ಬೇಕು, ಆಮೇಲೆ ಅಲ್ಲ. ಹೇಳೋಕೆ ನಿನಗೆ ಬಾಯಿ ಬರದಿದ್ರೆ ನಾನು ದೊಡ್ಡ ರಸ್ತೆಗೆ ಹೋಗ್ತೀನಿ. ನಾಳಿದ್ದು ನನಗೆ ಕ್ಲಾಸಿದೆ."

ಮಿಷನ್‌ಗಳನ್ನು ತೆಗೆದು ಅವನ ಕೈಗೆ ಕೊಟ್ಟು, ಹೆಡ್‌ಫೋನ್ ಹಾಕಿಸಿಕೊಂಡು ಕೂತರು. ಬಾಗಿಲು ಮುಚ್ಚಿದ್ದು ಗಾಳಿ ಮೈಗೆ ತಳ್ಳಿದ್ದರಿಂದ ತಿಳಿಯಿತು. ಗೋಡೆಯ ಬಣ್ಣ ಒಂದು ಕಡೆ ಎದ್ದಿತ್ತು. ಮೊದಲ ಶಬ್ದ ಸ್ಪಷ್ಟವಾಗಿ ಬಂತು, ಒತ್ತಿದರು. ಎರಡನೆಯದೂ ಬಂತು. ಆಮೇಲೆ ಏನೂ ಇಲ್ಲ. ಕಾಲ್ಬೆರಳು ಚಪ್ಪಲಿಯೊಳಗೆ ಮುದುರಿಕೊಂಡಿತು. ಇಷ್ಟು ಹೊತ್ತು ಖಾಲಿ ಬಿಡುವುದುಂಟೇ? ಅವನು ಹಾಕಿಯೇ ಇರಬೇಕು. ಬೆರಳು ತಡೆಯದೆ ಒತ್ತಿಬಿಟ್ಟಿತು.

ಬೆನ್ನ ಹಿಂದೆ ಗಾಳಿ ಆಡಿತು. ಗುಬ್ಬಚ್ಚಿ ಬಾಗಿಲು ತೆರೆದು ನಿಂತಿದ್ದ. ಮೇಡಂ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದರು. ಅವನು ಏನೋ ಅಂದ. ದೂರದಲ್ಲಿ ಯಾರೋ ಬಟ್ಟೆ ಒದರಿದಷ್ಟೇ ಸದ್ದು. ತಿರುಗಿ ಅವನ ತುಟಿ ನೋಡಿದ್ದರೆ ಅರ್ಥವಾಗುತ್ತಿತ್ತು, ಅಷ್ಟು ದಿನ ಬದುಕಿದ್ದೇ ಹಾಗೆ. ಮೇಡಂ ತಿರುಗಲಿಲ್ಲ.

"ಗಟ್ಟಿಯಾಗಿ ಹೇಳೋ," ಎಂದರು ಗೋಡೆಗೆ. "ನನಗೆ ಕಿವಿ ಕೇಳಿಸಲ್ಲ."

ಆ ಮಾತನ್ನು ಅವರು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ಗುಬ್ಬಚ್ಚಿ, ಹೊರಗಿನ ಬೆಂಚಿನ ಹೆಂಗಸು ಎದ್ದು ಇಣುಕುವಷ್ಟು ಗಟ್ಟಿಯಾಗಿ ಕೂಗಿದ. "ತಪ್ಪು ಮೇಡಂ. ನಾನು ಶಬ್ದ ಹಾಕಿರ್ಲಿಲ್ಲ."

ಮೇಡಂಗೆ ಪ್ರತಿ ಅಕ್ಷರವೂ ಕೇಳಿಸಿತು. ಅವರು ಕಣ್ಣು ಒರೆಸಿಕೊಂಡು, ಹೆಡ್‌ಫೋನ್ ಸರಿಮಾಡಿಕೊಂಡು, ಬೆರಳನ್ನು ಬಟನ್ನಿನಿಂದ ತೆಗೆದು ತೊಡೆಯ ಮೇಲಿಟ್ಟರು. "ಹೂಂ, ಮುಂದೆ," ಎಂದರು.