ಐದು ಕಾರ್ಡಿಗೆ ಒಂದೇ ಬಿ.ಪಿ.

"ಕೇರಿಯವ್ರು ತಾಯಿ ಕಾರ್ಡ್ ಕೊಡ್ರವಾ, ಲಗೂ!" ನರ್ಸ್‌ಬಾಯಿ ಕಟ್ಟೆಯ ಮೇಲಿಂದಲೇ ಕೈ ಚಾಚಿದರು.

ತಾವರಗೇರಾ ಕಡೆಯ ಆ ಊರಲ್ಲಿ ಬಸುರಿಯರ ತಪಾಸಣೆ ತಿಂಗಳಿಗೊಮ್ಮೆ ಗೌಡಸಾನಿ ಸಣ್ಣವ್ವನ ಮನೆಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಯಾವ ಕೇರಿಯೂ ಬಿಟ್ಟುಹೋಗಬಾರದೆಂದೇ ಸರ್ಕಾರ ನರ್ಸ್‌ಬಾಯಿಯನ್ನೂ ಬಿ.ಪಿ. ಯಂತ್ರವನ್ನೂ ಊರಿಗೆ ಕಳಿಸುತ್ತಿತ್ತು. ಆದರೆ ದಲಿತ ಕೇರಿಯ ಹೆಂಗಸರು ಆ ಕಟ್ಟೆ ಹತ್ತುವಂತಿರಲಿಲ್ಲ. ಊರತನಕ ಬಂದ ಸರ್ಕಾರ ಮೂರು ಮೆಟ್ಟಿಲು ಇಳಿಯಲಾರದೆ ಮೇಲೇ ಕೂತಿತ್ತು.

ಕಾರ್ಡುಗಳು ಗಳಿಗೆಯಲ್ಲೇ ಅಂಕಿ ತುಂಬಿಕೊಂಡು ಕೆಳಗೆ ಬಂದವು. ಎಂಟು ತಿಂಗಳ ಬಸುರಿ ರೇಣುಕಾ ಬೇವಿನ ನೆರಳಲ್ಲಿ ನಿಂತು ಜೊತೆಯವರ ಕಾರ್ಡುಗಳನ್ನೂ ತಿರುವಿ ನೋಡಿದಳು. ಕುಷ್ಟಗಿಯಲ್ಲಿ ಡಿಗ್ರಿ ಓದಿದವಳು. ಮಂದಿಯ ಮಾತು ಅಣಕಿಸುವುದರಲ್ಲಿ ಎತ್ತಿದ ಕೈ.

"ಹಂಪವ್ವತ್ತಿ, ಇಲ್ನೋಡು. ಐದೂ ಮಂದಿಗೆ ನೂರಾಹತ್ತು-ಎಪ್ಪತ್ತು. ಹೋದ ತಿಂಗಳೂ ಅಷ್ಟ. ನಾವೇನು ಒಂದ ಬಸರಾಗ ಹುಟ್ಟಿದವ್ರೇನು?" ಮೂಗು ಹಿಡಿದು ನರ್ಸ್‌ಬಾಯಿಯ ದನಿ ತೆಗೆದಳು: "ಆರಾಮ ಕಾಣ್ತೀಯವಾ, ನಾರ್ಮಲ್ ಬರ್ಕೊಂತೀನಿ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅದೇ ಕೇರಿಯ ಆಶಾ ಕಾರ್ಯಕರ್ತೆ ಹಂಪವ್ವ ಮಾತ್ರ ನಗಲಿಲ್ಲ. ಅವಳ ಕಣ್ಣು ರೇಣುಕಾಳ ಬಾತ ಪಾದಗಳ ಮೇಲಿತ್ತು.

"ತಲಿನೋವು ಹೋತೇನ?"

"ಎಲ್ಲಿ ಹೋತು? ಮೂರು ದಿನ ಆತು. ಕಣ್ಣೂ ಮಂಜ ಮಂಜ."

"ಅಯ್ಯ! ಹಂಗಾರ ಇವತ್ತ ಬಿ.ಪಿ. ನೋಡಲೇಬೇಕು. ಯಂತ್ರ ಕೆಳಗ ತರ್ರಿ ಅಂತ ಎರಡು ಸಲ ಕೇಳೀನಿ ಯವ್ವಾ..."

"ಕೇಳಿದ್ದು ಸಾಕು."

ರೇಣುಕಾ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

"ಏನಬೇ ಇದು? ಇಳಿ ಕೆಳಗ!" ಸಣ್ಣವ್ವ ಬಾಗಿಲಿಂದ ಗದರಿದಳು. "ಹಿರ್ಯಾರು ಹಾಕಿಕೊಟ್ಟ ರೀತಿ ಐತಿ. ಇಷ್ಟು ದಿನ ಕೆಳಗ ನಿಂತು ಯಾರರ ಸತ್ತಾರೇನು?"

"ಹೋದ ವರ್ಷ ನಮ್ಮ ಪರಮೇಶಣ್ಣನ ಹೇಂತಿ ಹೆರಿಗ್ಯಾಗ ಸತ್ತಳ್ರಿ ಗೌಡಸಾನಿ. ಆಕಿ ಕಾರ್ಡಿನಾಗೂ ನಾರ್ಮಲ್ ಅಂತನ ಐತಿ. ತಂದು ತೋರಸ್ಲೇನು?"

ನರ್ಸ್‌ಬಾಯಿ ದನಿ ತಗ್ಗಿಸಿದರು. "ನಾನೂ ಈ ಊರಾಗ ಕೆಲಸ ಮಾಡಬೇಕಲ್ಲವಾ. ಇವರು ಜಾಗಾ ಕೊಡಲಿಲ್ಲಂದ್ರ ಎಲ್ಲಿ ಕೂಡ್ಲಿ?"

"ನಮ್ಮ ಕೇರ್ಯಾಗ ಸಮುದಾಯ ಭವನ ಐತ್ರಿ. ಫ್ಯಾನ್ ಸೈತ ತಿರಗತೈತಿ. ಮೊದಲ ಪಟ್ಟಿ ಕಟ್ಟ್ರಿ."

ನರ್ಸ್‌ಬಾಯಿ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಬಿಚ್ಚಿ, ಮತ್ತೊಮ್ಮೆ ತುಂಬಿದರು.

"ನೂರಾಎಪ್ಪತ್ತು... ಕೆಳಗಿಂದು ನೂರಾಹದಿನೈದು. ಹಂಪವ್ವ, ನೂರಾಎಂಟಕ್ಕ ಫೋನ್ ಹಚ್ಚು! ತಾಯಿ-ಕೂಸು ಇಬ್ಬರಿಗೂ ಅಪಾಯ ಐತಿ."

ಗಾಡಿ ಬರಲು ಅರ್ಧ ತಾಸು ಬೇಕಿತ್ತು. ಹಂಪವ್ವ ಕಟ್ಟೆಯ ಮೇಲೇ ಚಾಪೆ ಹಾಸಿ ಅವಳನ್ನು ಎಡಮಗ್ಗುಲಾಗಿ ಮಲಗಿಸಿದಳು.

"ನನ್ನ ಮಾರಿ ಏನು ನೋಡ್ತೀರಿ?" ರೇಣುಕಾ ಮಲಗಿದಲ್ಲಿಂದಲೇ ಅಂದಳು. "ಗಾಡಿ ಬರೂತನಕ ಆ ನಾಲ್ಕು ಮಂದೀದು ನೋಡ್ರಿ."

ನರ್ಸ್‌ಬಾಯಿ ಕಾರ್ಡುಗಳನ್ನು ಇಸಿದುಕೊಂಡು, ಬರೆದಿಟ್ಟಿದ್ದ ಅಂಕಿಗಳ ಮೇಲೆ ಗೀಟು ಎಳೆದರು. "ಬರ್ರವಾ, ಮ್ಯಾಲ ಬರ್ರಿ," ಎಂದರು. ನಾಲ್ವರೂ ಹತ್ತಿದರು.

"ದ್ರಾಕ್ಷಾಯಿಣಿ!" ಸಣ್ಣವ್ವ ಸೊಸೆಯನ್ನು ಕೂಗಿದಳು. "ಒಂದು ಕೊಡ ನೀರು ತಾ. ಕಟ್ಟಿ ತೊಳೀಬೇಕು."

ಐದು ತಿಂಗಳ ಬಸುರಿ ದ್ರಾಕ್ಷಾಯಿಣಿ ಕೊಡ ತಂದಳು. ಅತ್ತೆಯ ಮುಖ ನೋಡಿದಳು, ಚಾಪೆಯ ಮೇಲಿದ್ದವಳ ಮುಖವನ್ನೂ ನೋಡಿದಳು. ತಂಬಿಗೆಗೆ ನೀರು ಬಗ್ಗಿಸಿ, ರೇಣುಕಾಳ ತಲೆಗೆ ಕೈಕೊಟ್ಟು ಎತ್ತಿ ಒಂದು ಗುಟುಕು ಕುಡಿಸಿದಳು. ಆಮೇಲೆ ಕೊಡವನ್ನು ಕೇರಿಯ ಹೆಂಗಸರ ನಡುವೆ ಇಟ್ಟು, ತಾನೂ ಅವರ ಹಿಂದೆ ಪಾಳಿಗೆ ನಿಂತಳು.