ನರ್ಸಮ್ಮನ ಗಾಡಿಯ ಕೆಂಪು ಎಣ್ಣೆ

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ ಎಂಬ ಅಳುಕಿನಲ್ಲೇ ಶುರುಮಾಡುತ್ತಿದ್ದೇನೆ. ಗೇರ್‌ಬಾಕ್ಸ್ ಬಿಚ್ಚಿದ ಕೈ ನನ್ನದಲ್ಲ. ಬಿಚ್ಚಿದವನು ಹೇಳಿದ್ದನ್ನು ಕೇಳಿಸಿಕೊಂಡ ಕಿವಿ ಮಾತ್ರ ನನ್ನದು. ಒಬ್ಬ ಮರ್ಯಾದಸ್ಥ ಮೇಸ್ತ್ರಿಯ ತಪ್ಪನ್ನು ನಾಲ್ಕು ಜನರೆದುರು ಇಡುವುದು ಸರಿಯೇ ಎಂದೂ ಬಹಳ ಯೋಚಿಸಿದೆ. ಆದರೆ ಆತನೇ ಅದನ್ನು ಮೊದಲು ಇಟ್ಟಿದ್ದಾನೆ, ನಾನು ಬಚ್ಚಿಟ್ಟು ಆಗುವುದೇನೂ ಇಲ್ಲ. ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ನಮ್ಮ ದ್ವೀಪದ ಕ್ರಿಸ್ಟಿಯಾನಾ ಬೆಟ್ಟದಲ್ಲಿ ಬೆಳಗಿನ ಮಂಜು ಹತ್ತು ಗಂಟೆಯಾದರೂ ರಸ್ತೆ ಬಿಟ್ಟು ಏಳುವುದಿಲ್ಲ. ಲಿನ್ವಲ್ ಬ್ರ್ಯಾಮರ್‌ನ ತಗಡಿನ ಗ್ಯಾರೇಜಿನೊಳಕ್ಕೂ ಬಂದು, ಸ್ಪ್ಯಾನರುಗಳ ನಡುವೆ ನೆಂಟರ ಹಾಗೆ ಕೂತುಬಿಡುತ್ತದೆ. ಆ ಬುಧವಾರ ಮೊದಲು ಕೇಳಿಸಿದ್ದು ಏದುಸಿರು, ಆಮೇಲೆ ನಗು. ಕೊನೆಗೆ ಮಂಜಿನೊಳಗಿಂದ ಬೆಳ್ಳಿ ಬಣ್ಣದ ಪುಟ್ಟ ಎಸ್‌ಯುವಿಯೊಂದು ಸದ್ದಿಲ್ಲದೆ ತೇಲಿಬಂತು. ನಾಲ್ವರು ಅದನ್ನು ತಳ್ಳುತ್ತಿದ್ದರು. ಹಿಂದೆ ಕೈಚೀಲ ಹಿಡಿದು ನಡೆದು ಬರುತ್ತಿದ್ದವರು ನರ್ಸ್ ಹಯಸಿಂತ್ ಟಲಕ್. ಬೆಟ್ಟದ ಹನ್ನೊಂದು ಹಳ್ಳಿಗಳಿಗೆ ಅವರೊಬ್ಬರೇ ಸೂಲಗಿತ್ತಿ ನರ್ಸ್.

ಜೀಗುಜ್ಜೆ ಮರದಡಿಯ ಬೆಂಚಿನಲ್ಲಿ ಡಾಮಿನೊ ಆಡುತ್ತಿದ್ದ ಬಾಯ್ಸಿ ಕೈಲಿದ್ದ ಕಾಯನ್ನು ಪಟ್ಟೆಂದು ಹಲಗೆಗೆ ಬಡಿದ. "ಹೆರಿಗೆ ಮನೇಲಿ ಮುಕ್ಕು ಮುಕ್ಕು ಅಂತೀರಿ ನರ್ಸಮ್ಮಾ, ಇವತ್ತು ಗಂಡಸ್ರೇ ಮುಕ್ಕೋ ಹಾಗೆ ಮಾಡಿದ್ರಲ್ಲ!"

"ನೀನು ಹುಟ್ಟೋವಾಗ ನಿಮ್ಮಮ್ಮನೂ ಇಷ್ಟು ಗಲಾಟೆ ಮಾಡಿರಲಿಲ್ಲ ಬಾಯ್ಸೀ, ಸುಮ್ನಿರು," ಎಂದರು ನರ್ಸ್. ಬೆಂಚು ನಕ್ಕಿತು. ಅವರು ಮಾತ್ರ ನಗಲಿಲ್ಲ. ಊರಿನವರೆಲ್ಲ ಮರ್ಯಾದೆಗೆ ಕರೆಯುವ ಹೆಸರಿನಲ್ಲೇ ಲಿನ್ವಲ್‌ನನ್ನು ಕರೆದರು. "ಮಾಸ್ ಲಿನ್, ಏರಿನಲ್ಲಿ ಇಂಜಿನ್ ಕೂಗತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಅರ್ಧ ಗಂಟೆ ತಣ್ಣಗಾಗೋಕೆ ಬಿಟ್ರೆ ಮತ್ತೆ ಹೋಗತ್ತೆ. ಹೊರಡೋವಾಗ ಚಳಿಜ್ವರ ಬಂದೋರ ಥರ ನಡುಗತ್ತೆ. ನಿನ್ನೆ ಕೋಲಿವಿಲ್ ಏರಿನಲ್ಲಿ ನಿಂತೇಬಿಡ್ತು. ನಾನು ನಡೆದು ಹೋಗಿ ತಲುಪೋ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಬದುಕಿದೆ, ದೇವರು ದೊಡ್ಡೋನು. ಪ್ರತಿ ಸಲ ಹಾಗಾಗಲ್ಲ."

"ಎರಡು ಕಾಲಿನ ಕಾರುಬಾರು," ಎಂದ ಬಾಯ್ಸಿ, ಕಾಯಿ ನೋಡುತ್ತಲೇ.

ಆ ಮಾತು ಆ ಬೆಟ್ಟದ ಗ್ಯಾರೇಜುಗಳಿಗೆ ಹೊಸದಲ್ಲ. ಆಟೋಮ್ಯಾಟಿಕ್ ಗಾಡಿಗೆ ಕ್ಲಚ್ ಇಲ್ಲ, ಒಂದೇ ಕಾಲು ಸಾಕು. ಕೆಲವರು ಎಡಗಾಲನ್ನು ಬ್ರೇಕಿನ ಮೇಲಿಟ್ಟು, ಬಲಗಾಲಿನಲ್ಲಿ ಆಕ್ಸಿಲರೇಟರ್ ಒತ್ತುತ್ತಾರೆ, ಗೇರ್‌ಬಾಕ್ಸ್ ಬೆಂದುಹೋಗುತ್ತದೆ. ನಿಜವಾಗಿ ಹಾಗೆ ಓಡಿಸುವವರು ಕಡಿಮೆ. ಆದರೆ ಕೆಟ್ಟ ಗಾಡಿಯ ಹಿಂದೆ ಹೆಂಗಸು ಬಂದರೆ, ಬಾನೆಟ್ ಎತ್ತುವ ಮೊದಲೇ ಈ ತೀರ್ಪು ಹೊರಬೀಳುತ್ತಿತ್ತು.

ಲಿನ್ವಲ್ ಬೇರೊಂದು ಗಾಡಿಯಡಿ ಮಲಗಿದ್ದ. ತಲೆ ಹೊರಹಾಕಲಿಲ್ಲ. "ಹಾಗೇ ಇರಬೇಕು," ಎಂದ. ಅವನು ಕೆಟ್ಟವನಲ್ಲ. ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿಮಾಡಿ, ಮನೆಗೆ ಹೋದ ಮೇಲೂ ಬಿಗಿಮಾಡಿದೆನೋ ಇಲ್ಲವೋ ಎಂದು ಚಡಪಡಿಸುವ ಜೀವ. ಆ ಎರಡು ಪದಗಳನ್ನು ಮಾತ್ರ ಒಂದು ಸಲವೂ ತೂಗಿ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾತು ಸಂತೆ ಮುಟ್ಟಿತು. ಮರುದಿನ ಬೆಳಿಗ್ಗೆ ಚರ್ಚಿನ ಹಿರಿಯ ಡೀಕನ್ ರೇ ಗ್ಯಾರೇಜಿಗೆ ಬಂದರು. ಆಸ್ಪತ್ರೆ ಕಮಿಟಿಗೆ ಅವರೇ ಅಧ್ಯಕ್ಷರು.

"ಲಿನ್ವಲ್, ಜಪಾನಿನಲ್ಲಿ ಓಡಿ ಬಂದ ಹಳೇ ಗಾಡಿ ಅದು, ನಿಜ. ಆದರೂ ಊರಿನೋರು ಹೆಗ್ಗೆಣಸು ಮಾರಿ, ಹೆಂಗಸರು ಚರ್ಚಿನ ಅಂಗಳದಲ್ಲಿ ಕೇಕ್ ಮಾರಿ ತಂದದ್ದು. ಅದನ್ನ ಕಾಯೋದು ನನ್ನ ಜವಾಬ್ದಾರಿ. ಹಾಳಾಗಿದ್ದು ಓಡಿಸೋರ ಕಾಲಿನಿಂದ ಅಂದ್ರೆ, ಕೀಲಿಕೈ ಅವರ ಹತ್ರ ಬಿಡೋಕಾಗಲ್ಲ. ಬೆಳಿಗ್ಗೆ ಎಂಟರಿಂದ ಸಾಯಂಕಾಲ ನಾಲ್ಕರವರೆಗೆ ಒಬ್ಬ ಡ್ರೈವರ್ ಇಡ್ತೀವಿ."

"ಮಕ್ಕಳು ನಾಲ್ಕು ಗಂಟೆ ಮೇಲೂ ಹುಟ್ತಾವಲ್ಲ ಡೀಕನ್ನರೇ."

"ನನಗೂ ಆರು ಮಕ್ಕಳಪ್ಪ, ಗೊತ್ತು. ಆದರೆ ಗಾಡಿನೇ ಇಲ್ದಿದ್ರೆ ನಾಲ್ಕರೊಳಗೂ ಹೋಗೋಕಾಗಲ್ಲ. ನಾಳೆ ಮೂರು ಗಂಟೆಗೆ ಸಭೆ. ಏನಾಗಿದೆ ಅಂತ ನೀನು ಒಂದು ಹಾಳೇಲಿ ಬರೆದು ತಾ. ನಿನ್ನ ಮಾತು ಅಂದ್ರೆ ಮಾತು."

ಲಿನ್ವಲ್ ಹೊರಗೆ ನಿಂತಿದ್ದ ಬೆಳ್ಳಿ ಗಾಡಿಯತ್ತ ನೋಡಿದ. ತಾನಿನ್ನೂ ಗಾಡಿಯನ್ನು ಮುಟ್ಟಿಯೇ ಇರಲಿಲ್ಲ.

ನರ್ಸಿಗೆ ಹೇಳಿಕಳುಹಿಸಿ, ಅವರ ಕೈಯಲ್ಲೇ ಓಡಿಸಿ ನೋಡಿದ. ತಾನು ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ಅವನು ಗೇರ್‌ಬಾಕ್ಸ್ ನೋಡುವುದು ಕಿವಿಯಿಂದ. ಈ ಜಾತಿಯ ಗೇರ್‌ಬಾಕ್ಸಿನಲ್ಲಿ ಹಲ್ಲಿನ ಚಕ್ರಗಳ ಮೆಟ್ಟಿಲಿಲ್ಲ. ಎರಡು ರಾಟೆಗಳ ನಡುವೆ ಒಂದು ಉಕ್ಕಿನ ಬೆಲ್ಟ್, ರಾಟೆಗಳು ಹಿಗ್ಗಿ ಕುಗ್ಗಿದಂತೆ ವೇಗ ನೀರಿನ ಹಾಗೆ ಏರಿಳಿಯುತ್ತದೆ. ಮಂಜು ಗಾಜಿಗೆ ಒರಗಿತ್ತು. ರಸ್ತೆಯಿಲ್ಲ, ಬೆಟ್ಟವಿಲ್ಲ. ದೂರದ ಚರ್ಚಿನಲ್ಲಿ ಯಾರೋ ಒಂದೇ ಸ್ವರ ಹಿಡಿದು ಹಾಡಿದಂತೆ ಗುಂಯ್ ಎನ್ನುವ ಸದ್ದು. ಏರು ಬಂದಾಗ ಆ ಸ್ವರ ಬಟ್ಟೆಯ ಹಾಗೆ ಹರಿಯಿತು. ಇಂಜಿನ್ ಮೇಲೆ ಮೇಲೆ ಕೂಗಿತು, ಗಾಡಿ ನಿದ್ದೆಯಲ್ಲಿ ಓಡುವವರ ಹಾಗೆ ಇದ್ದಲ್ಲೇ ಉಳಿಯಿತು. ಬೆಲ್ಟ್ ಜಾರುತ್ತಿದೆ. ಅವನು ಕಣ್ಣು ತೆರೆದು ಕೆಳಗೆ ನೋಡಿದ. ನರ್ಸಿನ ಎಡಗಾಲು ಸೀಟಿನಡಿ ಮಡಚಿಕೊಂಡು, ಮಲಗಿದ ಬೆಕ್ಕಿನ ಹಾಗೆ ಸುಮ್ಮನಿತ್ತು.

ಗ್ಯಾರೇಜಿಗೆ ಮರಳಿ ಚಕ್ರ ಕಳಚಿದ. ಎರಡು ಕಾಲಿನಲ್ಲಿ ಓಡಿಸುವವರ ಬ್ರೇಕ್ ಪ್ಯಾಡ್ ಆರು ತಿಂಗಳಲ್ಲಿ ಬಿಸ್ಕತ್ತಿನಷ್ಟು ತೆಳ್ಳಗಾಗುತ್ತದೆ. ಎಂಟು ತಿಂಗಳ ಹಿಂದೆ ಅವನೇ ಹಾಕಿದ್ದ ಪ್ಯಾಡುಗಳು ಇನ್ನೂ ದಪ್ಪಗಿದ್ದವು.

"ಏನು ಮಾಸ್ ಲಿನ್, ಎರಡನೇ ಕಾಲು ಸಿಗ್ತಾ?" ಬೆಂಚಿನಿಂದ ಬಾಯ್ಸಿ ಕೂಗಿದ.

ಲಿನ್ವಲ್ ಗಾಡಿಯಡಿ ಬೋಗುಣಿ ಇಟ್ಟು ಗೇರ್‌ಬಾಕ್ಸಿನ ಡ್ರೇನ್ ನಟ್ಟು ಬಿಚ್ಚಿದ. ಎಣ್ಣೆ ಸುರಿಯಿತು, ಸೀದ ಸಕ್ಕರೆಯ ವಾಸನೆ, ಕಾಕಂಬಿಯ ಕಪ್ಪು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದ. ಹನಿ ನಿಧಾನವಾಗಿ ಹರಡಿತು. ನಡುವೆ ಕಪ್ಪು, ಅಂಚಿನಲ್ಲಿ ಕ್ರಿಸ್‌ಮಸ್ಸಿಗೆ ಕುಡಿಯುವ ಪುಂಡಿ ಹೂವಿನ ಪಾನಕದ ಕೆಂಪು.

ಆ ಕೆಂಪನ್ನು ಅವನು ಬಹಳ ಹೊತ್ತು ನೋಡಿದ. ಇಂಥ ಬೆಲ್ಟಿನ ಗೇರ್‌ಬಾಕ್ಸಿಗೆ ಬೇಕಾದದ್ದು ಬೇರೆಯದೇ ಎಣ್ಣೆ; ಈ ಗಾಡಿಯದಕ್ಕೆ ತೆಳುಹಸಿರು ಛಾಯೆ. ಕೆಂಪೆಣ್ಣೆ ಹಳೆಯ ಹಲ್ಲುಚಕ್ರದವಕ್ಕೆ. ಇಲ್ಲಿ ಅದು ಬೆಲ್ಟನ್ನು ಹಿಡಿಯುವುದಿಲ್ಲ, ಜಾರಿಸಿ ಜಾರಿಸಿ ಸುಡುತ್ತದೆ. ಮೂವತ್ತು ವರ್ಷ ಆ ಬೆಟ್ಟದಲ್ಲಿ ಆಟೋಮ್ಯಾಟಿಕ್ ಎಂದರೆ ಕೆಂಪೆಣ್ಣೆ, ಯಾರೂ ಕೇಳುತ್ತಿರಲಿಲ್ಲ. ಬಾನೆಟ್ಟಿನಡಿಯ ಚೀಟಿಯಲ್ಲಿ ಬರೆದೇ ಇತ್ತು, ಜಪಾನಿ ಅಕ್ಷರದಲ್ಲಿ. ಯಾರ ಗಾಡಿಯಲ್ಲೂ ಯಾರೂ ಆ ಚೀಟಿ ಓದಿದವರಲ್ಲ.

ಒಬ್ಬರು ಕೇಳಿದ್ದರು. ಆ ದಿನ ಮಂಜಿನೊಳಗಿಂದ ಎದ್ದುಬಂದಂತೆ ಅವನಿಗೆ ನೆನಪಾಯಿತು: ಎಂಟು ತಿಂಗಳ ಹಿಂದೆ, ಇದೇ ಜಾಗದಲ್ಲಿ, ನರ್ಸ್ ಬಾನೆಟ್ಟಿನಡಿ ಬಗ್ಗಿ, "ಮಾಸ್ ಲಿನ್, ಇಲ್ಲಿ ಏನೋ ಬರೆದಿದ್ದಾರಲ್ಲ, ಯಾವ ಎಣ್ಣೆ ಅಂತಾನಾ?" ಎಂದಿದ್ದರು. ಅವನು ನಕ್ಕು, "ಎಣ್ಣೆ ಅಂದ್ರೆ ಎಣ್ಣೆ ನರ್ಸಮ್ಮಾ, ನೀವು ಮಕ್ಕಳನ್ನ ನೋಡ್ಕೊಳ್ಳಿ," ಎಂದಿದ್ದ. ಕೆಂಪೆಣ್ಣೆ ಸುರಿದಿದ್ದ.

ಗೇರ್‌ಬಾಕ್ಸಿನ ತಳದ ಚೇಂಬರ್ ಬಿಚ್ಚಿ, ಒಳಗಿನ ಅಯಸ್ಕಾಂತಗಳನ್ನು ಒರೆಸಿದ. ಬೂದುಬಣ್ಣದ ಮೆತ್ತನೆಯ ಪುಡಿ ಇತ್ತು, ಸೂಜಿಯಂಥ ಚೂರು ಒಂದೆರಡು. ಬೆಲ್ಟ್ ಸತ್ತಿಲ್ಲ, ಗಾಯಗೊಂಡಿದೆ. ಸರಿಯಾದ ಎಣ್ಣೆ ಹಾಕಿ ತೊಳೆದರೆ ಬದುಕಬಹುದು. ಎಂದರೆ, ಅವನು ಬಾಯಿ ಬಿಡದಿದ್ದರೂ ಗಾಡಿ ಸರಿಯಾಗುತ್ತಿತ್ತು. ಬೋಗುಣಿಯ ಎಣ್ಣೆ ಹಿತ್ತಲಿನ ಗುಂಡಿಗೆ ಚೆಲ್ಲಿದರೆ ಮುಗಿಯಿತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೋಗುಣಿ ಹಿಡಿದು ಗುಂಡಿಯವರೆಗೂ ಹೋಗಿದ್ದ. ತಪ್ಪೊಪ್ಪಿದ ಮೇಸ್ತ್ರಿಯ ಹತ್ತಿರ ನಾಳೆ ಯಾರು ಗಾಡಿ ತರುತ್ತಾರೆ? ಮಂಜಿನಲ್ಲಿ ನಿಂತೇ ಇದ್ದ. ಕಿವಿಯೊಳಗೆ ಆ ಹರಿದ ಸ್ವರ ಮತ್ತೆ ಮತ್ತೆ ಏರುತ್ತಿತ್ತು, ಗಾಡಿ ಮಾತ್ರ ಏರುತ್ತಿರಲಿಲ್ಲ. ಕೊನೆಗೆ ಹಿಂದಿರುಗಿ ಬಂದು, ಜ್ಯಾಮಿನ ಖಾಲಿ ಬಾಟಲಿಗೆ ಆ ಎಣ್ಣೆ ತುಂಬಿ ಮುಚ್ಚಳ ಬಿಗಿದ. ಎರಡು ಸಲ.

ಶುಕ್ರವಾರ ಚರ್ಚಿನ ಹಜಾರದಲ್ಲಿ ಜನ ಕೂಡಿದ್ದರು. ನರ್ಸ್ ಮೇಜಿನ ಪಕ್ಕ ಕೂತಿದ್ದರು, ಬೆಂಚಿನವರೂ ಬಂದಿದ್ದರು. ಲಿನ್ವಲ್ ಸಂಜೆಶಾಲೆಯಲ್ಲಿ ಕಲಿತ ಗುಂಡಕ್ಷರದಲ್ಲಿ ಬರೆದ ಹಾಳೆ ಬಿಚ್ಚಿ, ಬಾಟಲಿಯನ್ನು ಮೇಜಿನ ಮೇಲಿಟ್ಟ.

"ಗೇರ್‌ಬಾಕ್ಸ್ ಜಾರ್ತಾ ಇದೆ. ಕಾರಣ, ತಪ್ಪು ಎಣ್ಣೆ. ಹಾಕಿದ್ದು ಲಿನ್ವಲ್ ಬ್ರ್ಯಾಮರ್. ಓಡಿಸೋರ ಕಾಲಿನ ತಪ್ಪಿಲ್ಲ, ಬ್ರೇಕ್ ಪ್ಯಾಡ್ ನೋಡ್ಬಹುದು. ಯಾವ ಎಣ್ಣೆ ಅಂತ ಅವರು ಅವತ್ತೇ ಕೇಳಿದ್ರು. ನಾನು ನಕ್ಕೆ." ಹಾಳೆ ಮುಗಿದಿತ್ತು. ಆದರೂ ಅವನು ಕೂರಲಿಲ್ಲ. "ಮೊನ್ನೆ 'ಹಾಗೇ ಇರಬೇಕು' ಅಂದೆ. ನೋಡದೇ ಅಂದೆ."

ಡೀಕನ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಇದನ್ನ ನೀನು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಲಿನ್ವಲ್."

"ಅದಕ್ಕೇ ಹೇಳ್ದೆ."

ಸಭೆಗೆ ಮುಂಚೆಯೇ ಇಸಿದುಕೊಂಡಿದ್ದ ಕೀಲಿಕೈಯನ್ನು ಡೀಕನ್ ಜೇಬಿನಿಂದ ತೆಗೆದು, ಮೇಜಿನ ಮೇಲೆ ನರ್ಸಿನ ಕಡೆಗೆ ಮೆಲ್ಲಗೆ ಸರಿಸಿದರು. ಬಾಯ್ಸಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚು ತಿರುವುತ್ತಿದ್ದ.

ಶನಿವಾರ ಕೆಳಗಿನ ಪೇಟೆ ಮ್ಯಾಂಡೆವಿಲ್ಲಿನಿಂದ ತೆಳುಹಸಿರು ಎಣ್ಣೆ ಬಂತು. ಲಿನ್ವಲ್ ಹೊಸ ಫಿಲ್ಟರ್ ಹಾಕಿ, ಎಣ್ಣೆ ತುಂಬಿ, ಇಳಿಸಿ, ಮತ್ತೆ ತುಂಬಿ, ಮೂರು ಸಲ ತೊಳೆದ. ಸ್ಕ್ಯಾನರ್ ಜೋಡಿಸಿ, ಜಾರುವ ಬೆಲ್ಟಿನೊಂದಿಗೆ ಗೇರ್‌ಬಾಕ್ಸ್ ಕಲಿತಿದ್ದ ಹಳೆಯ ಲೆಕ್ಕಗಳನ್ನೆಲ್ಲ ಅಳಿಸಿದ. ಇನ್ನು ಅದು ಹೊಸದಾಗಿ ಕಲಿಯಬೇಕು, ಸಮತಟ್ಟಾದ ರಸ್ತೆಯಲ್ಲಿ, ನಿಧಾನಕ್ಕೆ.

"ನೀವೇ ಓಡಿಸಿ ನರ್ಸಮ್ಮಾ," ಎಂದು ಪಕ್ಕದಲ್ಲಿ ಕೂತ.

ಮಧ್ಯಾಹ್ನದ ಮಂಜು ಇಳಿಯುತ್ತಿತ್ತು. ಹೆಗ್ಗೆಣಸಿನ ಬಳ್ಳಿ ಹಬ್ಬಿದ ಕೋಲುಗಳು ಎರಡೂ ಕಡೆ ನಿಂತ ಜನರ ಹಾಗೆ ಬಂದು ಬಂದು ಮರೆಯಾಗುತ್ತಿದ್ದವು. ಗುಂಯ್ ಎನ್ನುವ ಸ್ವರ ಹರಿಯದೆ ಸಾಗಿತು. ತಿರುವಿನಲ್ಲಿ ಗಾಡಿ ತಿರುಗಿಸುತ್ತ ನರ್ಸ್ ಕೇಳಿದರು, "ಎಷ್ಟು ವರ್ಷ ಬರತ್ತೆ ಈ ಬೆಲ್ಟು?"

ಬೇರೆ ದಿನವಾಗಿದ್ದರೆ ಅವನು ಏನಾದರೊಂದು ಅಂಕಿ ಹೇಳುತ್ತಿದ್ದ. "ಗೊತ್ತಿಲ್ಲ ನರ್ಸಮ್ಮಾ. ಐದು ವರ್ಷ ಬರಬಹುದು. ಮುಂದಿನ ಮಾವಿನ ಕಾಲಕ್ಕೇ ಹೋಗಬಹುದು. ತಿಂಗಳಿಗೊಂದು ಸಲ ತನ್ನಿ, ನಾನು ಕೇಳ್ತೀನಿ."

"ಗಾಡಿನಾ, ನನ್ನನ್ನಾ?"

"ಇಬ್ಬರನ್ನೂ," ಎಂದ ಲಿನ್ವಲ್. ಅವರು ಆಗ ನಕ್ಕರು.

ಈಗಲೂ ಆ ಗಾಡಿಯ ಬಾನೆಟ್ ಎತ್ತಿದರೆ, ಜಪಾನಿ ಚೀಟಿಯ ಪಕ್ಕದಲ್ಲಿ ಯಾವ ಎಣ್ಣೆ ಎಂದು ಗುಂಡಕ್ಷರದಲ್ಲಿ ಬರೆದ ಇನ್ನೊಂದು ಚೀಟಿ ಕಾಣುತ್ತದೆ. ಗ್ಯಾರೇಜಿನ ಕಪಾಟಿನಲ್ಲಿ ಜ್ಯಾಮ್ ಬಾಟಲಿ ಹಾಗೇ ಇದೆ. ಯಾರಾದರೂ ಹೆಂಗಸು ಕೆಟ್ಟ ಗಾಡಿ ತಂದಾಗ ಬೆಂಚು ಬಾಯಿ ತೆರೆಯುವುದುಂಟು. ಲಿನ್ವಲ್ ಆ ಬಾಟಲಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಆ ಹೆಂಗಸಿನ ಮಾತು ಕೇಳಲು ನಿಲ್ಲುತ್ತಾನೆ.

ಎಣ್ಣೆ ತಪ್ಪೆಂದು ನರ್ಸಿಗೆ ಮೊದಲೇ ಅನುಮಾನವಿತ್ತೇ, ಇದ್ದರೆ ಆ ಬುಧವಾರ ಯಾಕೆ ಬಾಯಿ ಬಿಡಲಿಲ್ಲ, ಹೇಳಿದ್ದರೂ ನಾವ್ಯಾರಾದರೂ ಕೇಳುತ್ತಿದ್ದೆವೇ, ನನಗೆ ತಿಳಿಯದು. ಕೇಳಬೇಕೆಂದು ಎರಡು ಮೂರು ಸಲ ಅವರ ಬಾಗಿಲವರೆಗೆ ಹೋಗಿದ್ದೇನೆ. ಕೇಳಿಲ್ಲ.